ಕಂಚಿಹಿತ್ಲಿನ ಕೈಸೈರನ್

ನಾನು ಕೈಯಿಂದ ತಿರುಗಿಸುವ ಒಂದು ಸೈರನ್. ಎರಕದ ಕಬ್ಬಿಣದ ಮೈ, ಒಳಗೊಂದು ಚಕ್ರ, ಪಕ್ಕದಲ್ಲಿ ಹಿಡಿಕೆ. ಹಿಡಿಕೆ ತಿರುಗಿದರೆ ಚಕ್ರ ಗಾಳಿಯನ್ನು ಕತ್ತರಿಸುತ್ತದೆ, ಆ ಗಾಳಿಯೇ ನನ್ನ ಕೂಗು. ಮೊದಲ ಸಲ ನನ್ನನ್ನು ತಿರುಗಿಸಿ ನೋಡಿದ ದಿನ ಎರಕದ ಕಾರ್ಖಾನೆಯ ಕೆಲಸಗಾರರೆಲ್ಲ ಕಿವಿ ಮುಚ್ಚಿಕೊಂಡರು. ನನಗೆ ಬಹಳ ಹೆಮ್ಮೆಯಾಯಿತು.

ನದಿ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ನನ್ನ ಕೆಲಸ ಶುರುವಾಯಿತು. ಕಾವಲುಗಾರ ಲಾರೆನ್ಸ್ ಪರ್ಬುಗಳು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನನ್ನನ್ನು ತಿರುಗಿಸುತ್ತಿದ್ದರು. ನನ್ನ ಕೂಗು ಕೇಳಿ ಜನ ಕೆಲಸಕ್ಕೆ ಬರುತ್ತಿದ್ದರು, ಊಟಕ್ಕೆ ಏಳುತ್ತಿದ್ದರು. ಕಾಂಕ್ರೀಟಿನ ಮನೆಗಳು ಹೆಚ್ಚಾದ ಮೇಲೆ ಹಂಚು ಕೇಳುವವರು ಕಡಿಮೆಯಾದರು. ಕಾರ್ಖಾನೆ ಮುಚ್ಚಿತು. ನಾನು ಗುಜರಿ ಅಂಗಡಿಯಲ್ಲಿ ಹಳೆಯ ಸೈಕಲ್ಲುಗಳ ಕೆಳಗೆ ಬಿದ್ದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಅಕ್ಕಣಿ ಮರಕಾಲ್ತಿ. ಕುಂದಾಪುರದ ಉತ್ತರಕ್ಕೆ, ಸಮುದ್ರಕ್ಕೂ ಹೆದ್ದಾರಿಗೂ ನಡುವೆ ಇರುವ ಕಂಚಿಹಿತ್ಲು ಅವರ ಊರು. ಅವರು ಮೀನು ಮಾರುವವರು. ಗಂಡ ಶೀನ ಮರಕಾಲ ನಾಡದೋಣಿಯವರು. ಚಂಡಮಾರುತ ಬಂದಾಗ ಏನು ಮಾಡಬೇಕೆಂದು ಕಲಿಸುವ ಶಿಬಿರಕ್ಕೆ ಊರಿನಿಂದ ಅಕ್ಕಣಿ ಹೋಗಿದ್ದರು. ಅಲ್ಲಿ ಕೇಳಿದ ಒಂದು ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಚಂಡಮಾರುತದ ದೊಡ್ಡ ಗಾಳಿ ಬರುವುದು ಆಮೇಲೆ. ಸುಳಿ ಇನ್ನೂ ದೂರದ ಕಡಲಿನಲ್ಲಿರುವಾಗಲೇ ಅದರ ಹೊರಸುತ್ತಿನ ಮೋಡಗಳು ದಂಡೆಗೆ ಬರುತ್ತವೆ. ಸಿಡಿಲು ಹೆಚ್ಚಾಗಿ ಬೀಳುವುದು ಆ ಮೋಡಗಳಿಂದ. ಜನ ಬಯಲು ಮರಳಿನ ಮೇಲೆ ನಿಂತು ದೋಣಿ ಎಳೆಯುವುದೂ ಆಗಲೇ.

ನನ್ನನ್ನು ದಂಡೆಯ ಕಬ್ಬಿಣದ ಕಂಬಕ್ಕೆ ಕಟ್ಟೋಣ ಎಂದರು ಊರಿನವರು. ಅಕ್ಕಣಿ ಒಪ್ಪಲಿಲ್ಲ. "ತಿರ್ಗ್ಸುವವ್ಳ್ ಕಂಬದ್ ಬುಡದಲ್ಲ್ ನಿಂತ್ರೆ ಸಿಡಿಲಿಗೆ ಅವ್ಳೇ ಮೊದ್ಲ್" ಎಂದರು. ಹಾಗಾಗಿ ಮೀನುಗಾರರ ಸೊಸೈಟಿಯ ಕಾಂಕ್ರೀಟು ಕಟ್ಟಡದೊಳಗೆ, ಕಿಟಕಿಯಿಂದ ಒಂದು ಮಾರು ಹಿಂದೆ, ಮರದ ಮೇಜಿನ ಮೇಲೆ ನನ್ನನ್ನು ಕೂರಿಸಿದರು. ನನ್ನ ಕೂಗಿಗೆ ಎರಡು ಅರ್ಥ ಗೊತ್ತುಮಾಡಿದರು. ಉದ್ದಕ್ಕೆ ಕೂಗಿದರೆ ದೋಣಿ ಮೇಲೆಳೆಯಿರಿ. ತುಂಡು ತುಂಡಾಗಿ ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೆ ಬನ್ನಿ.

ಆ ವರ್ಷ ಚಂಡಮಾರುತದ ಮುನ್ಸೂಚನೆ ಬಂದಾಗ ಆಕಾಶ ತಿಳಿಯಾಗಿತ್ತು. ಹಿಂದಿನ ದಿನ ಬಂಗುಡೆ ಚೆನ್ನಾಗಿ ಸಿಕ್ಕಿತ್ತು. ಶೀನ ಮರಕಾಲರೂ ಇನ್ನು ಕೆಲವರೂ ಬೆಳಿಗ್ಗೆ ಕಡಲಿಗೆ ಇಳಿದೇ ಇಳಿದರು. ಅವರು ಮರಳಿದ್ದು ಮಧ್ಯಾಹ್ನ ದಾಟಿದ ಮೇಲೆ. ಅಷ್ಟರಲ್ಲಿ ನೈಋತ್ಯ ದಿಕ್ಕು ಮಸಿ ಬಳಿದಂತಾಗಿತ್ತು, ಅಲೆ ಏಳತೊಡಗಿತ್ತು. ಉಳಿದವರ ದೋಣಿಗಳು ಮೇಲೆ ಬಂದವು. ಶೀನರ ದೋಣಿ ಮಾತ್ರ ಅಲೆಯ ಅಂಚಿನಲ್ಲೇ ಉಳಿದಿತ್ತು. ಹಗ್ಗ ಹಿಡಿದು ಜನ ಎಳೆಯುತ್ತಿದ್ದರು.

ಆಗ ಮೊದಲ ಗುಡುಗು ಕೇಳಿಸಿತು.

ಅಕ್ಕಣಿಯ ಕೈ ನನ್ನ ಹಿಡಿಕೆಯ ಮೇಲಿತ್ತು. ಕಣ್ಣು ಅಲೆಯಲ್ಲಿದ್ದ ದೋಣಿಯ ಮೇಲಿತ್ತು. ಅದು ಅವರ ಮನೆಯ ದೋಣಿ. ಬೇರೆ ದೋಣಿ ಅವರಿಗಿರಲಿಲ್ಲ. ಅವರು ಒಮ್ಮೆ ಉಸಿರೆಳೆದುಕೊಂಡು ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. ನಾನು ತುಂಡು ತುಂಡಾಗಿ ಕೂಗಿದೆ.

ದಂಡೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಶೀನರು ಕೈ ಎತ್ತಿ, ಸ್ವಲ್ಪ ತಾಳು ಎಂದು ಸನ್ನೆ ಮಾಡಿದರು. ಅಕ್ಕಣಿ ತಾಳಲಿಲ್ಲ. ಒಬ್ಬರು ಹಗ್ಗ ಬಿಟ್ಟರು, ಇನ್ನೊಬ್ಬರು ಬಿಟ್ಟರು. ಕೊನೆಗೆ ಶೀನರೊಬ್ಬರೇ ಹಗ್ಗ ಹಿಡಿದು ನಿಂತರು. ಅಷ್ಟು ದೊಡ್ಡ ದೋಣಿ ಒಬ್ಬರಿಂದ ಅಲುಗುವುದಲ್ಲ. ಅವರೂ ಬಂದರು.

ಒದ್ದೆ ಬಟ್ಟೆಯಲ್ಲಿ ಬಾಗಿಲಲ್ಲಿ ನಿಂತು, "ಹತ್ತ್ ಮಾರ್ ಎಳ್ದಿದ್ರೆ ಸಾಕಿತ್ತ್ ಕಾಣ್. ಹತ್ತೇ ಮಾರ್" ಎಂದರು.

ಬಡಗು ದಂಡೆಯಲ್ಲಿ ಇನ್ನೂ ಕೆಲವರಿದ್ದರು. ಅವರಿಗಾಗಿ ಅಕ್ಕಣಿ ನನ್ನನ್ನು ತಿರುಗಿಸುತ್ತಲೇ ಇದ್ದರು.

ಕಡಲಿನ ಮೇಲೆ ಮಿಂಚು ಹೊಳೆಯಿತು, ಗುಡುಗು ಕಟ್ಟಡವನ್ನು ನಡುಗಿಸಿತು. ಆದರೆ ದಂಡೆಯ ಮೇಲೆ ಒಂದು ಸಿಡಿಲೂ ಬೀಳಲಿಲ್ಲ. ಅಲೆಗಳು ಮಾತ್ರ ದೋಣಿಯನ್ನು ಎತ್ತಿ ಮಗುಚಿ ಎಂಜಿನ್ ಸಮೇತ ಕೊಂಡೊಯ್ದವು. ಕಿಟಕಿಯಿಂದ ಹಿಂದೆ ನಿಂತು ಎಲ್ಲರೂ ಅದನ್ನು ನೋಡಿದರು.

ಶೀನ ಮರಕಾಲ ಬೇರೆಯವರ ದೋಣಿಗೆ ಕೂಲಿಗೆ ಹೋಗತೊಡಗಿದರು. ಹೆಂಡತಿಯೊಡನೆ ಬಹಳ ದಿನ ಮಾತಾಡಲಿಲ್ಲ. ಒಂದು ದಿನ ಅಕ್ಕಣಿ ನನ್ನ ಹಿಡಿಕೆಗೆ ಎಣ್ಣೆ ಹಾಕುತ್ತಿದ್ದಾಗ ಶೀನರೇ ಸೊಸೈಟಿಯ ಕೋಣೆಗೆ ಬಂದರು.

"ಸಿಡಿಲ್ ಎಲ್ ಬಿತ್ತ್? ತೋರ್ಸ್ ಕಾಂಬ" ಎಂದರು.

"ಬೀಳ್ಲಿಲ್ಲ."

"ಮತ್ತೆ ಎಂತಕ್ಕೆ ಊದಿದ್ದ್?"

"ಎಲ್ ಬೀಳತ್ತ್ ಅಂತ ನಂಗ್ ಗೊತ್ತಿಲ್ಲ. ಗೊತ್ತಿದ್ರೆ ಊದುದೇ ಬ್ಯಾಡ, ನಿಮ್ಗೆ ಅತ್ಲಾಗ್ ನಿಲ್ಲಿ ಅಂದ್ರೆ ಸಾಕಿತ್ತ್." ಎಣ್ಣೆಯ ಬಟ್ಟೆಯನ್ನು ಮೇಜಿನ ಮೇಲಿಟ್ಟು ಅಕ್ಕಣಿ ಗಂಡನ ಮುಖ ನೋಡಿದರು. "ದೋಣಿ ಇಲ್ದಿದ್ರೆ ಇಬ್ರೂ ದುಡಿಲಕ್ಕ್. ನೀವಿಲ್ದೆ ಆ ದೋಣಿ ಇಟ್ಕಂಡ್ ನಾ ಎಂತ ಮಾಡ್ಲಿ?"

ಶೀನರು ಹೊರಟು ಹೋಗಲಿಲ್ಲ. ಎಣ್ಣೆಯ ಬಟ್ಟೆ ತೆಗೆದುಕೊಂಡು ನನ್ನ ಮೈಯ ತುಕ್ಕು ಒರೆಸುತ್ತ ಕೂತರು.

ಮರುವರ್ಷ ಮತ್ತೆ ಮುನ್ಸೂಚನೆ ಬಂತು. ಅಂದೂ ಆಕಾಶ ನೀಲಿಯಾಗಿತ್ತು, ಕಡಲು ಶಾಂತವಾಗಿತ್ತು. ಶೀನ ಮರಕಾಲರೇ ಮನೆ ಮನೆಗೆ ಹೋಗಿ, ದೋಣಿ ಇವತ್ತೇ ಮೇಲೆ ಬರಬೇಕು, ನಾಳೆ ಅಂದರೆ ತಡವಾಗುತ್ತದೆ ಎಂದು ಹೇಳಿ ಬಂದರು. ಆಮೇಲೆ ನನ್ನ ಬಳಿ ಬಂದು, ಹಿಡಿಕೆ ಹಿಡಿದಿದ್ದ ಅಕ್ಕಣಿಗೆ, "ನೀನ್ ಕೂಕೋ, ನಾ ತಿರ್ಗ್ಸ್ತೆ" ಎಂದರು. ಬಿಸಿಲಿನಲ್ಲಿ ನಾನು ಉದ್ದಕ್ಕೆ ಕೂಗಿದೆ. ಅಷ್ಟು ಹುರುಪಿನಿಂದ ನಾನೆಂದೂ ಕೂಗಿರಲಿಲ್ಲ. ಸಂಜೆಯೊಳಗೆ ಊರಿನ ಎಲ್ಲ ದೋಣಿಗಳೂ ಗಾಳಿಮರಗಳ ಆಚೆಗೆ ಬಂದು, ಕಟ್ಟಿಸಿಕೊಂಡು ಕೂತವು.

ಮರುದಿನ ಕಪ್ಪು ಮೋಡ ಬಂದಾಗ ದಂಡೆಯಲ್ಲಿ ಯಾರೂ ಇರಲಿಲ್ಲ. ಸಿಡಿಲು ನೇರ ಮರಳಿಗೇ ಬಿತ್ತು. ದೋಣಿ ಎಳೆಯುವ ಹಗ್ಗವನ್ನು ಸುತ್ತುವ ಗೂಟ ಉದ್ದಕ್ಕೆ ಸೀಳಿಹೋಗಿ ಹೊಗೆಯಾಡಿತು. ಗಂಡ ಹೆಂಡತಿ ಕಿಟಕಿಯಿಂದ ದೂರ, ನನ್ನ ಪಕ್ಕದಲ್ಲಿ ಕೂತು ನೋಡಿದರು. ಶೀನರು, "ಚಾ ಇತ್ತಾ?" ಎಂದು ಕೇಳಿದರು. ಅಕ್ಕಣಿ ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟರು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಯಾರನ್ನೂ ಹೊರಗೆ ಬಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಒಳಗಿನ ಚಕ್ರ ಸವೆದಿದೆ. ಊರಿಗೆ ಕರೆಂಟಿನ ಸೈರನ್ ಬಂದಿದೆ, ಎಲ್ಲರ ಫೋನಿಗೂ ಎಚ್ಚರಿಕೆ ಬರುತ್ತದೆ. ನನ್ನನ್ನು ಸೊಸೈಟಿಯ ಮೂಲೆಯಲ್ಲಿ ಹಳೆಯ ಬಲೆಗಳ ಪಕ್ಕ ಇಟ್ಟಿದ್ದಾರೆ. ನನಗೆ ಬೇಸರವಿಲ್ಲ. ನನ್ನ ಕೂಗನ್ನು ಇಷ್ಟಪಟ್ಟು ಕೇಳಿದವರು ಯಾರೂ ಇಲ್ಲ, ಅದೂ ನನಗೆ ಗೊತ್ತು. ಆ ಕೂಗಿನಿಂದ ಬದುಕಿದವರು ಇಂಥವರೇ ಎಂದು ಬೆರಳು ಮಾಡಿ ತೋರಿಸಲು ಯಾರಿಂದಲೂ ಆಗದು. ಅದಕ್ಕೇ ಸಂಜೆ ಹೊತ್ತು ದಂಡೆಯಲ್ಲಿ ನಡೆದಾಡುವವರು ಕಂಡಾಗ ನಾನು ಲೆಕ್ಕ ಹಾಕಲು ಹೋಗುವುದಿಲ್ಲ. ಎಲ್ಲರೂ ನನ್ನವರೇ ಎಂದುಕೊಂಡು ಸುಮ್ಮನೆ ನೋಡುತ್ತೇನೆ.