ಪೆಟ್ಟು ತಿಂದ ಪೆಟ್ಟಿಗೆ

ನಾನು ಹೇಳುವುದೆಲ್ಲ ನಿಜ. ನಂಬದವರು ಗದಗಿಗೆ ಬಂದು ನನ್ನ ಮೈಮೇಲಿನ ತಗ್ಗುಗಳಿಗೆ ಬೆರಳಿಟ್ಟು ನೋಡಬಹುದು. ಒಂದೊಂದು ತಗ್ಗಿಗೂ ತಾರೀಖಿದೆ, ಹೊಡೆದವನ ಹೆಸರಿದೆ. ಕೆಲವಕ್ಕೆ ವಿಡಿಯೋ ಕೂಡ ಇದೆ. ಇಷ್ಟು ಪುರಾವೆ ಇಟ್ಟುಕೊಂಡು ತಮ್ಮ ಕಥೆ ಹೇಳಿದವರು ಮನುಷ್ಯರಲ್ಲಿ ಕಡಿಮೆ.

ನಾನು ಒಂದು ಟ್ರಂಕು, ತಗಡಿನ ಪೆಟ್ಟಿಗೆ. ಕೈಯಲ್ಲಿ ತೂಗಾಡಿಸಿಕೊಂಡು ಹೋಗುವ ಪುಟ್ಟ ಜಾತಿಯದಲ್ಲ. ಗಾದಿ, ಕೌದಿ, ಹತ್ತಿಪ್ಪತ್ತು ಸೀರೆ ನುಂಗಿಯೂ ತೇಗದ ದೊಡ್ಡ ಜಾತಿಯದು. ಮೊಣಕಾಲು ಮಡಚಿ ಮಲಗಿದರೆ ಒಂದಾಳು ಹಿಡಿಸುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಹುಟ್ಟಿಸಿದವನು ಕಾಳಪ್ಪ ಕಮ್ಮಾರ. ಹುಟ್ಟಿಸಿದ ಎನ್ನುವುದು ಮರ್ಯಾದೆಯ ಮಾತು, ನಡೆದದ್ದು ಬಡಿದಾಟ. ತಗಡನ್ನು ಕತ್ತರಿಯಿಂದ ಕೊಯ್ದ. ಅಂಚು ಮಡಚಿ ಬಡಿದ. ಮೂಲೆ ಕೂಡಿಸಿ ಬಡಿದ. ಸುಮ್ಮನೆ ಮಲಗಿದ್ದ ನನ್ನ ಮೈಗೆ ತೂತು ಕೊರೆದು ರಿವೆಟ್ ಜಡಿದ. ಪೆಟ್ಟಿಗೇ ಹುಟ್ಟಿದ್ದರಿಂದ ನನಗೆ ಪೆಟ್ಟಿಗೆ ಎಂದು ಹೆಸರು ಬಂತೆಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಆದರೆ ಕಾಳಪ್ಪನ ಪೆಟ್ಟಿನಲ್ಲಿ ಒಂದು ನೇಮವಿತ್ತು. ಮಾಲು ಗಿರಾಕಿಯ ಕೈಗೆ ಹೋಗುವ ಮುನ್ನ ಅವರ ಎದುರಿಗೇ ಕಟ್ಟಿಗೆಯ ಕೊಡತಿಯಿಂದ ಮೂರು ಪೆಟ್ಟು ಹಾಕುತ್ತಿದ್ದ: ಮುಚ್ಚಳದ ಮೇಲೆ ಒಂದು, ಪಕ್ಕೆಗೆ ಒಂದು, ಕೀಲಿ ಕೂರುವ ಪಟ್ಟಿಗೆ ಒಂದು. ಹಾಕಿ ಕಿವಿ ಹಚ್ಚಿ ಆಲಿಸುತ್ತಿದ್ದ. ಗಿರಾಕಿಯ ಕಿವಿಯನ್ನೂ ಹಚ್ಚಿಸುತ್ತಿದ್ದ. ಕೂಡುಗೆ ಬಿಗಿಯಾಗಿದ್ದರೆ ತಗಡು ಗುಡಿಯ ಗಂಟೆಯ ಹಾಗೆ ಗುಂಯ್‌ಗುಟ್ಟುತ್ತದೆ. ಎಲ್ಲೋ ಸಡಿಲಿದ್ದರೆ ಹಳೆಯ ಬಸ್ಸಿನ ಕಿಟಕಿಯ ಹಾಗೆ ಗಡಗಡ ಎನ್ನುತ್ತದೆ.

"ಮೊದಲ ಕಿವಿ, ಆಮ್ಯಾಲ ಕೈ," ಎನ್ನುತ್ತಿದ್ದ ಕಾಳಪ್ಪ, ಎರಡು ಗಿಡ್ಡ, ಒಂದು ಉದ್ದ ಕೆಮ್ಮು ಕೆಮ್ಮಿ. "ಒಡಕು ದನಿ ಬಂದ್ರ ಒಯ್ಯಬ್ಯಾಡ್ರಿ. ನಾನೂ ಕೊಡೂದಿಲ್ಲ."

ನಾನು ಗುಂಯ್ ಎಂದೆ. ಗಂಗವ್ವ ಎಂಬ ಮದುಮಗಳ ಜೊತೆ ಮುಂಡರಗಿಯ ಒಂದು ಮನೆಗೆ ಹೋದೆ.

ಅಲ್ಲಿ ನನ್ನನ್ನು ಮೊದಲು ಮಾತಾಡಿಸಿದ್ದು ಗಂಗವ್ವನ ಗಂಡನ ಕಾಲು. ಅವನಿಗೆ ಸಿಟ್ಟು ಬಂದರೆ ಏನಾದರೂ ಒದೆಯಬೇಕು. ಗೋಡೆ ಒದ್ದರೆ ಸುಣ್ಣ ಉದುರುತ್ತದೆ, ಎಮ್ಮೆ ಒದ್ದರೆ ಅದು ತಿರುಗಿ ಒದೆಯುತ್ತದೆ. ಒದೆಸಿಕೊಳ್ಳಲು ಹೆಂಡತಿ ಸಿಗಬಾರದೆಂದು ಗಂಗವ್ವ ಅವನ ದಾರಿಗೆ ನನ್ನನ್ನು ಎಳೆದಿಟ್ಟಳು. ಮೂರನೆಯ ವರ್ಷ ಅವನ ಹೆಬ್ಬೆರಳು ಮುರಿಯಿತು. ನನ್ನ ಪಕ್ಕೆಯಲ್ಲಿ ಒಂದು ಬೊಗಸೆಯಷ್ಟು ತಗ್ಗಾಯಿತು. ಆಮೇಲೆ ಅವನು ಬಾಯಿಂದಷ್ಟೇ ಸಿಟ್ಟಾಗತೊಡಗಿದ.

ದೊಡ್ಡ ಹೊಡೆತ ಬಿದ್ದದ್ದು ಅಣ್ಣತಮ್ಮಂದಿರು ಬೇರೆಯಾದ ದಿನ. ಟ್ರಂಕು ತನ್ನ ಪಾಲಿಗೆ ಎಂದು ಅವನ ಅಣ್ಣ ಒಂದು ಹಿಡಿಕೆ ಹಿಡಿದ, ಗಂಗವ್ವನ ಗಂಡ ಇನ್ನೊಂದು. ಎಳೆದರು. ಅಣ್ಣ ಹಿಡಿಕೆ ಸಮೇತ ಹಿಂದಕ್ಕೆ ಹಾರಿ ಒರಳಿಗೆ ತಲೆ ಒಡೆದುಕೊಂಡ. ಎದ್ದವನೇ ಕೊಡಲಿ ತಂದು, "ಯಾರಿಗೂ ಬ್ಯಾಡ," ಎಂದು ನನ್ನ ನೆತ್ತಿಗೆ ಇಳಿಸಿದ. ಎರಡನೆಯ ಏಟಿಗೆ ಕೊಡಲಿ ಎತ್ತುವಷ್ಟರಲ್ಲಿ ಗಂಗವ್ವ ಬಂದು ನನ್ನ ಮೇಲೆ ಕೂತಳು. ಹೊತ್ತು ಮುಳುಗುವ ತನಕ ಏಳಲಿಲ್ಲ. ನಾನು ಅವಳ ಪಾಲಿಗೆ ಬಂದದ್ದು ಹಾಗೆ.

ಇಪ್ಪತ್ತೇಳು ವರ್ಷಗಳ ನಂತರ ಆ ಮನೆಗೆ ಕನ್ನಡಿ ಬಾಗಿಲಿನ ಕಪಾಟು ಬಂತು. ಗಂಗವ್ವ ನನ್ನನ್ನು ಟಂಟಂ ಗಾಡಿಗೆ ಹೇರಿಸಿಕೊಂಡು ತಾನೇ ಗದಗಿಗೆ ಬಂದಳು. ಕಾಳಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಂಗಡಿಯಲ್ಲಿ ಅವನ ಮಗ ಮೌನೇಶ ಇದ್ದ.

"ನಿಮ್ಮಪ್ಪ ಮಾಡಿದ್ದು, ತಮ್ಮಾ. ಗುಜರಿಗೆ ಹಾಕಾಕ ಮನಸು ಬರಲಿಲ್ಲ. ಇಲ್ಲೇ ಒಂದು ಮೂಲ್ಯಾಗ ಇರ್ಲಿ."

ಹೋಗುವಾಗ ನನ್ನ ಮುಚ್ಚಳವನ್ನು ಒಮ್ಮೆ ಸೆರಗಿನಿಂದ ಒರೆಸಿದಳು.

ಮೌನೇಶನಿಗೆ ಹೆಸರಿಟ್ಟವರು ಆ ಅಂಗಡಿಯ ಸದ್ದು ಕೇಳಿರಲಿಕ್ಕಿಲ್ಲ. ಕೈಯಲ್ಲಿ ಅಪ್ಪನ ಕಸುಬಿತ್ತು, ಮೂಗಿನ ತುದಿಯಲ್ಲಿ ತನ್ನದೇ ಸಿಟ್ಟಿತ್ತು. ಜನ ಪ್ಲಾಸ್ಟಿಕ್ ಪೆಟ್ಟಿಗೆ ಕೊಳ್ಳುತ್ತಿದ್ದರು. ಲಗ್ನದ ಹಂಗಾಮು ಮುಗಿಯುವುದರೊಳಗೆ ಕೆಲಸ ಹತ್ತದಿದ್ದರೆ ಅಂಗಡಿಗೆ ಕೀಲಿ ಹಾಕಿ ಗುಡ್ಡದ ಮೇಲಿನ ಕರೆಂಟಿನ ಗಾಳಿಕಂಬಗಳ ಕಾವಲಿಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಿಬಿಟ್ಟಿದ್ದ.

ಹೆಂಡತಿ ಸರಸ್ವತಿ. ಅವಳ ಗಂಟಲಲ್ಲಿ ಓಣಿಗೆ ಓಣಿಯೇ ವಾಸವಾಗಿತ್ತು. ತರಕಾರಿ ಮಾರುವವಳ ರಾಗ, ಕಂಡಕ್ಟರನ ಮೂಗುದನಿ, ತಾನು ಬದುಕಿದ್ದೇನೆಂದು ಪಿಂಚಣಿ ಕಚೇರಿಗೆ ಹೋಗಿ ಹೇಳುವ ಮಾಸ್ತರರ ನಡುಕ, ಎಲ್ಲವೂ ಅವಳ ಬಾಯಲ್ಲಿ. ಮಾವ ಬದುಕಿದ್ದಾಗ ಅವನ ದನಿಯನ್ನೇ ಅವನ ಎದುರು ಆಡಿ ತೋರಿಸಿದ್ದಳಂತೆ. ಕಾಳಪ್ಪ ನಕ್ಕು, "ಇನ್ನ ನಾ ಸತ್ರೂ ಅಡ್ಡಿಯಿಲ್ಲ ಬಿಡು," ಎಂದಿದ್ದನಂತೆ.

ಚಹಾದಂಗಡಿಯಲ್ಲಿ ಯಾರೋ ಹೇಳಿದರು: ಈಗ ಮೊಬೈಲಿನಾಗ ರೀಲ್ಸ್ ಹಾಕಿದರೇನೇ ಮಾಲು ಹೋಗೋದು. ಮೌನೇಶ ಹೊಸ ಟ್ರಂಕೊಂದನ್ನು ಒರೆಸಿ, ಮೇಲೊಂದು ಸೇವಂತಿಗೆ ಹೂವಿಟ್ಟು ವಿಡಿಯೋ ಹಾಕಿದ. ಅರವತ್ತು ಜನ ನೋಡಿದರು. ಅದರಲ್ಲಿ ನಲವತ್ತು ಸಲ ನೋಡಿದವನು ಅವನೇ.

ಮಾರನೆಯ ದಿನ ಎದ್ದು ಮತ್ತೆ ಎಣಿಸಿದ. ಅರವತ್ತೊಂದು. ಸಿಟ್ಟು ನೆತ್ತಿಗೇರಿ, ಕೈಗೆ ಸಿಕ್ಕ ಸುತ್ತಿಗೆಯಿಂದ ಮೂಲೆಯಲ್ಲಿದ್ದ ನನ್ನನ್ನು ರಪರಪ ಬಾರಿಸಿದ. ಸರಸ್ವತಿ ತಮಾಷೆಗೆಂದು ಅದನ್ನೇ ಮೊಬೈಲಿನಲ್ಲಿ ಹಿಡಿದಳು, ತಮಾಷೆಗೆಂದೇ ಹಾಕಿದಳು. ಸಂಜೆಯ ಹೊತ್ತಿಗೆ ಒಂಬತ್ತು ಸಾವಿರ ಜನ ನೋಡಿದ್ದರು.

ಅಂದಿನಿಂದ ನನ್ನ ಹಣೆಬರಹ ಬರೆದದ್ದು ಸುತ್ತಿಗೆ.

ಸೋಮವಾರ ಸುತ್ತಿಗೆ, ಮಂಗಳವಾರ ಹಾರೆ, ಬುಧವಾರ ಬೀಸುವ ಕಲ್ಲು. ಮಾಳಿಗೆಯ ಮೇಲಿಂದ ಕೆಳಕ್ಕೆ ನೂಕಿದ. ಟ್ರ್ಯಾಕ್ಟರಿನ ಗಾಲಿಗೆ ಅಡ್ಡ ಇಟ್ಟ. ಪ್ರತಿ ಸಲವೂ ಮೊದಲು ಮೊಬೈಲಿನ ಎದುರು ನಿಂತು, "ನೋಡ್ರಿ ಗೆಳೆಯರೆ, ಕಾಳಪ್ಪ ಕಮ್ಮಾರರ ಟ್ರಂಕು, ಹೊಡದ್ರೂ ಸಾಯೂದಿಲ್ಲ," ಎನ್ನುವನು, ಆಮೇಲೆ ಹೊಡೆಯುವನು. ಹಾಕುವ ಮುಂಚೆ ಅದಕ್ಕೊಂದು ಧಡಧಡ ಹಾಡು ಕೂಡಿಸುವನು. ಹಾಡಿಲ್ಲದಿದ್ದರೆ ಜನ ನೋಡುವುದಿಲ್ಲವೆಂದು ಅವನಿಗೆ ಯಾರೋ ಹೇಳಿದ್ದರು. ತಪ್ಪಾದದ್ದು ಅಲ್ಲೇ. ಏಟು ಎಲ್ಲರಿಗೂ ಕಂಡಿತು, ಏಟಿಗೆ ನಾನು ಕೊಟ್ಟ ಉತ್ತರ ಒಬ್ಬರಿಗೂ ಕೇಳಲಿಲ್ಲ. ಮೈ ತುಂಬ ತಗ್ಗಾದರೂ ನನ್ನ ಕೂಡುಗೆ ಒಂದೂ ಬಿಟ್ಟಿರಲಿಲ್ಲ. ಪ್ರತಿ ಸಲವೂ ಗುಂಯ್ ಎಂದೆ. ನನ್ನ ಬಾಯಿ ಮೇಲೆ ಹಾಡಿನ ಕೈ ಇತ್ತು.

ನೋಡುವವರು ಲಕ್ಷ ದಾಟಿದರು. ಕೊಳ್ಳುವವರು ಹೊಸ್ತಿಲು ದಾಟಲಿಲ್ಲ. "ಇನ್ನೊಂದು ಹಾಕ್ ಅಣ್ಣಾ," "ಈ ಸಲ ಬೆಂಕಿ ಹಚ್ಚು," ಎಂದು ಕೆಳಗೆ ಬರೆಯುವರು. ಕೆಲವರು ಊರೂರಿನಿಂದ ಬೈಕಿನಲ್ಲಿ ಬಂದು, "ನಾವೂ ಒಂದ ಏಟು ಹಾಕ್ತೀವಿ," ಎಂದು ಸಾಲು ನಿಂತರು. ಒಬ್ಬನಂತೂ ಮಾರಾಟಕ್ಕಿಟ್ಟ ಹೊಸ ಟ್ರಂಕಿಗೇ ಬಾರಿಸಿದ. ಮೌನೇಶ ಅವನ ಕೊರಳಪಟ್ಟಿ ಹಿಡಿದ, ಅವನು ಮೌನೇಶನ ಮೂಗಿಗೆ ಗುದ್ದಿದ, ಇಬ್ಬರೂ ತಗಡಿನ ಚೂರುಗಳ ಮೇಲೆ ಹೊರಳಾಡಿದರು. ರಕ್ತ ನನ್ನ ಮೇಲೂ ಸಿಡಿಯಿತು.

ಅದೇ ಹೊತ್ತಿಗೆ ಲಕ್ಕುಂಡಿಯ ಒಬ್ಬ ಹಿರಿಯ, ಚನ್ನವೀರಗೌಡ, ಮಗಳ ಮದುವೆಗೆ ಟ್ರಂಕು ಮಾಡಿಸಲು ಬಂದಿದ್ದ. ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ.

"ನಿಮ್ಮ ತಂದಿ ಕೈಯಾಗಿನ ಪೆಟಗಿ ನಮ್ಮನ್ಯಾಗ ಮೂರು ಅದಾವ," ಎಂದ. "ಆದ್ರ ಹಿಂಗ ಬಡದಾಡೋ ಅಂಗಡ್ಯಾಗಿಂದ ಮಗಳ ಸಂಗಾಟ ಏನ ಕಳಸಲೋ, ಮೌನೇಶಾ?"

ಹೊರಟುಹೋದ. ಆ ಹಂಗಾಮಿನಲ್ಲಿ ಬಂದ ಒಬ್ಬನೇ ಗಿರಾಕಿ.

ಮೌನೇಶ ಮೂಗು ಒರೆಸಿಕೊಂಡು ನನ್ನ ಕಡೆ ನೋಡಿದ. ಆ ನೋಟಕ್ಕಿಂತ ಕೊಡಲಿ ವಾಸಿ.

"ಎಲ್ಲಾ ಇದರಿಂದಾನ. ರವಿವಾರ ಲೈವ್ ಹೋಗ್ತೀನಿ. ಚಮ್ಮಟಿಗಿ ತಂದು ಇದರ ಕಥಿ ಮುಗಸ್ತೀನಿ. ಸೋಮವಾರ ಗಾಳಿಕಂಬಕ್ಕ ಹೊಂಟೆ."

"ಅದು ನಿಮ್ಮಪ್ಪಾರ ಕೈ ಕೆಲಸ ರೀ," ಎಂದಳು ಸರಸ್ವತಿ.

"ಅಪ್ಪ ಬಂದು ಹೇಳ್ಲಿ, ಬಿಡ್ತೀನಿ."

ಸರಸ್ವತಿ ಬಾಯಿ ತೆರೆದಳು, ಮುಚ್ಚಿದಳು. ಬೇಕೆಂದಾಗ ಹತ್ತು ದನಿ ಹೊರಡುವ ಬಾಯಿ ಅದು; ಹಾಗೆ ಮುಚ್ಚಿದರೆ ಒಳಗೆ ಏನೋ ಕುದಿಯುತ್ತಿದೆ ಎಂದೇ ಅರ್ಥ.

ರವಿವಾರ ಬೆಳಿಗ್ಗೆ ಹತ್ತಕ್ಕೆ ನನ್ನನ್ನು ಓಣಿಯ ನಡುವೆ ಬಿಸಿಲಿಗೆ ಇಟ್ಟರು. ಪಕ್ಕದಲ್ಲಿ ನೀರಿನ ಡ್ರಮ್ಮು, ಎದುರಿಗೆ ಮೊಬೈಲು, ಸುತ್ತ ಜನ. "ಈ ಪಾಪ ನಾ ನೋಡೂದಿಲ್ಲ, ಒಳಗಿರ್ತೀನಿ," ಎಂದು ಸರಸ್ವತಿ ಗಂಡನಿಗೆ ಹೇಳಿದಳು. ಮನೆಯ ಒಳಗೆ ಎಂದು ಅವನು ತಿಳಿದ. ಅವನು ಚಮ್ಮಟಿಗೆ ತರಲು ವೆಲ್ಡಿಂಗ್ ಅಂಗಡಿಗೆ ಹೋದ ಗಳಿಗೆಯಲ್ಲಿ ಅವಳು ಬಾಯಿಗೆ ಬೆರಳಿಟ್ಟು ಜನರನ್ನು ಸುಮ್ಮನಿರಿಸಿ, ನನ್ನ ಮುಚ್ಚಳ ಎತ್ತಿ, ಮೊಣಕಾಲು ಮಡಚಿ ಒಳಗೆ ಮಲಗಿ, ಮುಚ್ಚಳ ಎಳೆದುಕೊಂಡಳು.

ಅವಳ ಲೆಕ್ಕ ಸರಿಯಾಗಿತ್ತು. ಗಂಡ ಮೊದಲು ಭಾಷಣ ಮಾಡುತ್ತಾನೆ. ಭಾಷಣದ ನಡುವೆ ತಾನು ಮಾತಾಡಬೇಕು.

ಅಂದು ಮೌನೇಶ ಭಾಷಣ ಮಾಡಲಿಲ್ಲ. ಬಂದವನೇ ಮೊಬೈಲು ಒತ್ತಿ, ಅಂಗೈಗೆ ಉಗುಳಿಕೊಂಡು, ಚಮ್ಮಟಿಗೆಯನ್ನು ತಲೆಯ ಮೇಲಕ್ಕೆ ಎತ್ತಿದ. ಜನ ಕೂಗಿ ತಡೆಯುವಷ್ಟು ಹೊತ್ತೂ ಇರಲಿಲ್ಲ. ಕೊಡಲಿಗೆ ಹೆದರದ ನಾನು ಆ ದಿನ ಹೆದರಿದೆ. ನನ್ನ ಹೊಟ್ಟೆಯಲ್ಲಿ ಸೀರೆಯಿರಲಿಲ್ಲ, ಒಂದು ಜೀವ ಇತ್ತು. ಅದರ ಅಂಗೈ ನನ್ನ ಒಳಮೈಗೆ ಒತ್ತಿಕೊಂಡು ಬೆವರುತ್ತಿತ್ತು. ಚಮ್ಮಟಿಗೆ ಹೊರಟಿತು.

ಒಳಗಿನಿಂದ ಕೆಮ್ಮು. ಕಾಳಪ್ಪನ ಕೆಮ್ಮು, ಎರಡು ಗಿಡ್ಡ, ಒಂದು ಉದ್ದ.

"ಮೊದಲ ಕಿವಿ, ಆಮ್ಯಾಲ ಕೈ. ಎಷ್ಟ ಸಲ ಹೇಳ್ಬೇಕೋ ನಿನಗ?"

ಕೆಮ್ಮು ಕೇಳಿದ ಕೂಡಲೇ ಮೌನೇಶನ ಕೈ ಅರ್ಧಕ್ಕೇ ತಿರುಗಿತ್ತು. ಚಮ್ಮಟಿಗೆ ನನ್ನ ಬದಿಗೆ ಗೇಣಿನಷ್ಟು ದೂರದಲ್ಲಿ ಹಾದು ನೀರಿನ ಡ್ರಮ್ಮಿನ ಹೊಟ್ಟೆ ಒಡೆಯಿತು. ನೀರು ಧುಮುಕಿ ಅವನ ಕಾಲು ಕಿತ್ತಿತು. ಅವನು ಕೆಸರಿನಲ್ಲಿ ಕುಕ್ಕರಿಸಿದ.

"ಯಪ್ಪಾ," ಎಂದ, ಸಣ್ಣ ಹುಡುಗನ ದನಿಯಲ್ಲಿ. ಅದು ಅಣಕು ದನಿಯಲ್ಲ, ಅವನದೇ.

"ಹೊಡಿಯೋದ ಎಲ್ಲಾರೂ ಹೊಡೀತಾರ. ನನ್ನ ಕೆಲಸದ ದನಿ ಮುಚ್ಚಿ ಅದರ ಮ್ಯಾಲ ಯಾವನ ಹಾಡೋ ಹಾಕ್ತಿ? ಬಾ ಇಲ್ಲೆ. ಕಿವಿ ಹಚ್ಚು."

ಮೌನೇಶ ಮೊಣಕಾಲ ಮೇಲೆ ತೆವಳಿ ಬಂದು ನನಗೆ ಕಿವಿ ಹಚ್ಚಿದ. ಒಳಗಿನಿಂದ ಬೆರಳ ಗಂಟು ಮೂರು ಸಲ ಬಡಿಯಿತು. ಗುಂಯ್. ಗುಂಯ್. ಗುಂಯ್. ಓಣಿ ಪೂರಾ ಕೇಳಿತು. ಮೊಬೈಲೂ ಕೇಳಿತು, ಲೈವಿನಲ್ಲಿ ಹಾಡು ಕೂಡಿಸಲು ಬರುವುದಿಲ್ಲ.

ಅಲ್ಲಿಗೆ ಅವಳು ಎದ್ದು ಬರಬೇಕಿತ್ತು. ಮುಚ್ಚಳ ಏಳಲಿಲ್ಲ. ತಿಂದ ಏಟಿಗೆಲ್ಲ ನನ್ನ ಬಾಯಿ ಸೊಟ್ಟಗಾಗಿತ್ತು. ಎಳೆದ ರಭಸಕ್ಕೆ ಎಲ್ಲೋ ಕಚ್ಚಿಕೊಂಡಿತ್ತು. ಬಿಸಿಲಿಗೆ ನಾನು ಹಂಚಿನ ಹಾಗೆ ಕಾದಿದ್ದೆ.

"ರೀ," ಎಂದಿತು ಒಳಗಿನ ದನಿ. ಈಗ ಅದು ಕಾಳಪ್ಪನದಾಗಿರಲಿಲ್ಲ. "ಮುಚ್ಚಳ ಕಚ್ಚೇತಿ. ಉಸಿರು ಹಿಡ್ಯಾಕತ್ತೇತಿ."

ಮೌನೇಶ ತಾನು ಎತ್ತಿದ್ದ ಚಮ್ಮಟಿಗೆಯನ್ನು ನೋಡಿದ, ನನ್ನನ್ನು ನೋಡಿದ. ಯಾರೋ ಹಾರೆ ಚಾಚಿದರು. "ಬ್ಯಾಡ, ಒಳಗ ತಾಗತೈತಿ," ಎಂದು ಅದನ್ನು ಎಸೆದ. ಅಂಗಡಿಗೆ ಓಡಿ ಅಪ್ಪನ ಕೊಡತಿ ತಂದ. ಮತ್ತೆ ಕಿವಿ ಹಚ್ಚಿದ, ಈ ಸಲ ಯಾರೂ ಹೇಳದೆ. ಮುಚ್ಚಳದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದ. ಗುಂಯ್, ಗುಂಯ್, ಗುಂಯ್... ಕೊಡಲಿ ಬಿದ್ದ ಹಳೆಯ ಗಾಯದ ಹತ್ತಿರ, ಟಪ್. ಸತ್ತ ದನಿ. ಅಲ್ಲೇ ಕಚ್ಚಿತ್ತು. ಅಲ್ಲಿ ಮೂರು ಪೆಟ್ಟು ಹಾಕಿದ: ಮೇಲೊಂದು, ಪಕ್ಕಕ್ಕೊಂದು, ಪಟ್ಟಿಗೊಂದು. ನನ್ನ ಜನ್ಮದಲ್ಲಿ ತಿಂದ ಅಷ್ಟು ಪೆಟ್ಟುಗಳಲ್ಲಿ ನೋಯದವು ಅವು ಮಾತ್ರ. ನಾನು ಬಾಯಿ ಬಿಟ್ಟೆ.

ಸರಸ್ವತಿ ಎದ್ದು ಕೂತಳು. ಮುಖಕ್ಕೆ ನನ್ನ ತುಕ್ಕಿನ ಜಂಗು ಮೆತ್ತಿತ್ತು, ಕೂದಲು ಬೆವರಿಗೆ ಅಂಟಿತ್ತು. ಎರಡು ಸಲ ಉಸಿರು ಎಳೆದುಕೊಂಡು, ಗಂಡನನ್ನು ನೋಡಿ, ಕಾಳಪ್ಪನ ದನಿಯಲ್ಲಿ ಅಂದಳು: "ತಡಾ ಮಾಡಿದಿ. ಆದ್ರ ಕೆಲಸ ಬರತೈತಿ ನಿನಗ."

ಅವನು ಹೊಡೆದೇ ಬಿಡುತ್ತಾನೆಂದು ಎಲ್ಲರೂ ಅಂದುಕೊಂಡರು. ಮೌನೇಶ ಕೊಡತಿ ಕೆಳಗಿಟ್ಟ. ಅವಳ ಮುಖದ ಜಂಗನ್ನು ಅಂಗಿಯ ತೋಳಿನಿಂದ ಒರೆಸಿದ. ಅವನ ಭುಜ ಕುಣಿಯತೊಡಗಿತು, ಅಳುತ್ತಿದ್ದಾನೆಂದು ತಿಳಿದೆ, ನೋಡಿದರೆ ನಗುತ್ತಿದ್ದ.

ಈಗ ನಾನು ಅಂಗಡಿಯ ಮೂಲೆಯಲ್ಲಿದ್ದೇನೆ. ನನ್ನ ಹೊಟ್ಟೆಯಲ್ಲಿ ಸುತ್ತಿಗೆಗಳಿವೆ. ಹೊಡೆದವರನ್ನೆಲ್ಲ ನುಂಗಿ ಕೂತಿದ್ದೇನೆ ಎನ್ನಿ. ಆ ಲೈವ್ ನೋಡಿದವರಲ್ಲಿ ಚನ್ನವೀರಗೌಡನೂ ಒಬ್ಬ. ಮಂಗಳವಾರ ಮಗಳನ್ನೇ ಕರೆದುಕೊಂಡು ಬಂದು, "ಆ ದನಿ ಬರೋ ಅಂಥಾವು ಎರಡು ಮಾಡಿಕೊಡು," ಎಂದ. ಗಾಳಿಕಂಬದವರು ಬೇರೆ ಕಾವಲುಗಾರನನ್ನು ಹುಡುಕಿಕೊಂಡರು. ಮೌನೇಶ ಈಗಲೂ ವಿಡಿಯೋ ಹಾಕುತ್ತಾನೆ: ಮೂರು ಪೆಟ್ಟು, ಒಂದು ಕಿವಿ, ಹಾಡಿಲ್ಲ. ನೋಡುವವರು ಕಡಿಮೆಯಾಗಿದ್ದಾರೆ, ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಅಷ್ಟು ವರ್ಷ ಏಟು ತಿಂದು ನನಗೆ ತಿಳಿದದ್ದು ಇಷ್ಟೇ: ಹೊಡೆಯುವವನಿಗೂ ಕಿವಿಯಿದ್ದರೆ, ಏಟು ತಿಂದವರ ಮಾತು ಎಂದಾದರೊಂದು ದಿನ ಅವನಿಗೆ ಮುಟ್ಟುತ್ತದೆ.

ಹೊಸ ಗಿರಾಕಿ ಬಂದಾಗ ಸರಸ್ವತಿ ಚಹಾದ ಜೊತೆ ಆ ಹಳೆಯ ಲೈವನ್ನೂ ತೋರಿಸುತ್ತಾಳೆ. ಕೆಮ್ಮಿಗೆ ಜನ ಮುಗುಳ್ನಗುತ್ತಾರೆ. ಡ್ರಮ್ಮು ಒಡೆದಾಗ ನಗುತ್ತಾರೆ. "ಯಪ್ಪಾ" ಎಂಬ ಆ ಸಣ್ಣ ದನಿ ಬಂದಾಗ ಮೌನೇಶ ಕೈಯಲ್ಲಿದ್ದ ಕೊಡತಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ ನಗುತ್ತಾನೆ; ಎಷ್ಟು ಜೋರೆಂದರೆ, ಮೂಲೆಯಲ್ಲಿ ಕೂತ ನನ್ನ ತಗಡು ಯಾರೂ ಮುಟ್ಟದೆ ಗುಂಯ್ ಎನ್ನುತ್ತದೆ.