ಅಕ್ಕ ಒಳಗೆ, ತಮ್ಮ ಹೊರಗೆ

ಚಂಡಮಾರುತವು ದ್ವೀಪದ ಪಂಗಾಯ್ ಎಂಬ ಊರನ್ನು ಮುಟ್ಟುವ ಹೊತ್ತಿಗೆ ಬೀದಿಯ ಜನವೆಲ್ಲ ಚರ್ಚಿನ ಹಾಲ್ ಸೇರಿಯಾಗಿತ್ತು. ಬೇಯಿಸಿದ ಗೆಣಸು, ಡಬ್ಬಿ ಮಾಂಸ, ಒಬ್ಬಳು ಬಸುರಿ, ಯಾರದೋ ಹಂದಿಮರಿ, ಎಲ್ಲ ಒಳಗೆ. ಹೊರಗೆ ಉಳಿದವನು ಅಕನೇಸಿಯ ತಮ್ಮ ಮೋಸೆಸೆ ಒಬ್ಬನೇ.

ಮುದುಕರನ್ನೆಲ್ಲ ಹೊತ್ತು ತಂದವನೇ ಅವನು. ಅವರನ್ನು ಒಳಗೆ ಬಿಟ್ಟು, ಆ ಊರಿನವರು ಮರ್ಯಾದೆಗೆಂದು ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನೂ ಬಿಚ್ಚದೆ, ತಾನು ಮಾತ್ರ ಪಕ್ಕದ ಅಡುಗೆ ಚಪ್ಪರದಲ್ಲಿ ಹೋಗಿ ಕೂತ. ಯಾಕೆಂದು ಯಾರೂ ಕೇಳಲಿಲ್ಲ. ಅಲ್ಲಿನ ಪದ್ಧತಿಯಲ್ಲಿ ಮೀಸೆ ಮೂಡಿದ ಮೇಲೆ ತಮ್ಮನಾದವನು ಅಕ್ಕ ಇರುವ ಕೋಣೆಯಲ್ಲಿ ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಅಕ್ಕ ಅಂದರೆ ಅಷ್ಟು ದೊಡ್ಡವಳು. ಈಗಿನ ಹುಡುಗರು ಅಕ್ಕನ ಪಕ್ಕದಲ್ಲೇ ಕೂತು ಟೀವಿ ನೋಡುತ್ತಾರೆ. ಮೋಸೆಸೆಗೆ ಮಾತ್ರ ಮರ್ಯಾದೆ ಅಂದರೆ ಮರ್ಯಾದೆ, ಪ್ರಾಣ ಹೋದರೂ ಸರಿ.

ಅಕನೇಸಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಗಡು ಬಡಿದುಕೊಂಡಾಗಲೆಲ್ಲ ಕಿಟಕಿಯ ಕಡೆಗೆ ಓಡುತ್ತಿದ್ದಳು.

"ಒಂದ್ಕಡೆ ಕೂತ್ಕೊಳೇ ಮಾರಾಯ್ತಿ. ನಿನ್ನ ನೋಡಿ ನಂಗೆ ತಲೆ ಸುತ್ತುತ್ತೆ," ಎಂದಳು ನೆರೆಮನೆಯ ವಿಕಜ್ಜಿ.

"ಅವನಿಗೆ ಒಳಗೆ ಬರೋಕೆ ಹೇಳಜ್ಜಿ."

ಅಕ್ಕ ತಮ್ಮನ ನಡುವೆ ಇಷ್ಟು ವರ್ಷ ಮಾತು ಹೊತ್ತವಳು ವಿಕಜ್ಜಿಯೇ. ಕಿಟಕಿಯ ಸಂದಿಗೆ ಬಾಯಿಟ್ಟು ಕೂಗಿದಳು. "ಲೋ ಮೋಸೆಸೆ, ನಿಮ್ಮಕ್ಕ ಒಳಗೆ ಬಾ ಅಂತಾಳೆ."

"ಅಕ್ಕ ಆರಾಮಾಗಿರ್ಲಿ ಅಜ್ಜಿ. ನಂಗಿಲ್ಲೇ ಚೆನ್ನಾಗಿದೆ."

"ಊರೇ ಹಾರಿ ಹೋಗ್ತಿದೆ, ಇವನಿಗೆ ಚೆನ್ನಾಗಿದೆಯಂತೆ."

ಹೆಂಗಸರು ಹಾಲಿನ ನಡುವೆ ಹಗ್ಗ ಕಟ್ಟಿ ದೊಡ್ಡ ಚಾಪೆಯೊಂದನ್ನು ಇಳಿಬಿಟ್ಟರು. ಈಗ ಎರಡು ಕೋಣೆಯಾಯಿತು, ಬಾ ಎಂದು ಅಜ್ಜಿ ಮತ್ತೆ ಕೂಗಿದಳು.

"ಚಾಪೆ ಕಟ್ಟಿದ್ರೆ ಗೋಡೆ ಆಗುತ್ತಾ ಅಜ್ಜಿ?"

ಅಷ್ಟರಲ್ಲಿ ಯಾರದೋ ಮನೆಯ ತಗಡು ಹಾರಿಬಂದು ಚಪ್ಪರದ ಕಂಬಕ್ಕೆ ಬಡಿಯಿತು. ಅಕನೇಸಿಗೆ ಭಯಕ್ಕಿಂತ ಸಿಟ್ಟು ಬಂತು. ತಮ್ಮನನ್ನು ಕೊಲ್ಲುವ ಈ ದೊಡ್ಡಸ್ತಿಕೆ ಯಾರಿಗೆ ಬೇಕು? ಅಗುಳಿ ತೆಗೆದು ಹೊರಗೆ ನಡೆದೇಬಿಟ್ಟಳು. ಮಳೆಯಲ್ಲಿ ತಮ್ಮನಿಗೆ ಬೆನ್ನು ಹಾಕಿ ನಿಂತು, ಆಕಾಶಕ್ಕೆ ಹೇಳುವವಳ ಹಾಗೆ ಕೂಗಿದಳು.

"ಅವನು ಒಳಗೆ ಹೋಗೋ ತನಕ ನಾನೂ ಇಲ್ಲೇ ನಿಂತಿರ್ತೀನಿ."

ಅಕ್ಕನನ್ನು ಮಳೆಯಲ್ಲಿ ನಿಲ್ಲಿಸುವುದಕ್ಕಿಂತ ದೊಡ್ಡ ಅಪಚಾರ ಉಂಟೇ? ಮೋಸೆಸೆ ತಲೆ ತಗ್ಗಿಸಿಕೊಂಡು ಓಡಿ ಒಳಗೆ ಬಂದು ಚಾಪೆಯ ಆಚೆ ಸೇರಿಕೊಂಡ. ಅವನ ಹಿಂದೆಯೇ ಬಂದ ಅಕನೇಸಿ ಅಗುಳಿ ಹಾಕಿ ಇನ್ನೂ ಕೈ ತೆಗೆದಿರಲಿಲ್ಲ, ಚಪ್ಪರ ಮುರಿದು ಬಿದ್ದ ಸದ್ದು ಕೇಳಿಸಿತು.

ಅವಳು ಚಾಪೆಯ ಈಚೆ ಗಡಗಡ ನಡುಗುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ದನಿ ಬಂತು.

"ಅಕ್ಕಂಗೆ ಚಳಿ ಆಗ್ತಿದೆಯಾ, ಕೇಳಜ್ಜಿ."

"ಇಲ್ಲ ಅಂತ ಹೇಳಜ್ಜಿ," ಎಂದಳು ಅಕನೇಸಿ.

ವಿಕಜ್ಜಿ ಗೆಣಸು ಜಗಿಯುತ್ತ ಇಬ್ಬರ ಕಡೆಗೂ ನೋಡಿದಳು. "ಈ ಗಾಳೀಲಿ ನಂಗೇನೂ ಕೇಳಿಸ್ತಿಲ್ಲಪ್ಪ. ಬೇಕಾದ್ರೆ ನೀವೇ ಮಾತಾಡ್ಕೊಳಿ."

ಅಕನೇಸಿ ಚಾಪೆಯ ಹತ್ತಿರಕ್ಕೆ ಸರಿದು ಕೂತಳು.

"ಆಗ್ತಿದೆ ಕಣೋ," ಎಂದಳು.

ಅವನು ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿಕೊಂಡಿದ್ದ ಚಾಪೆ, ಇಳಿಬಿಟ್ಟ ಚಾಪೆಯ ಕೆಳಗಿನಿಂದ ಮೆಲ್ಲನೆ ಈಚೆ ಸರಿದು ಬಂತು. ಅದೂ ನೆಂದು ತೊಪ್ಪೆಯಾಗಿತ್ತು. ಅವಳು ಅದನ್ನೇ ಹೊದ್ದುಕೊಂಡಳು.