ನೀರಗಂಟಿಯ ರಜೆ

ಪಂಪ್‌ಹೌಸಿನ ಬೀಗದ ಕೈ ರಾಮಕ್ಕನ ಸೆರಗಿನ ತುದಿಯಲ್ಲಿ ಗಂಟಾಗಿ ಕೂತಿತ್ತು. ಗಂಡ ಚಿಕ್ಕಹನುಮಯ್ಯ ಊರಿನ ನೀರಗಂಟಿ. ತಾಲ್ಲೂಕಿನ ಉಳಿದ ನೀರಗಂಟಿಗಳ ಜೊತೆ ತುರುವೇಕೆರೆಯಲ್ಲಿ ಶಾಮಿಯಾನದಡಿ ಧರಣಿ ಕೂತಿದ್ದ. ಯಾರು ಕೇಳಿದರೂ ಬೀಗದ ಕೈ ಕೊಡಬೇಡವೆಂದು ಹೇಳಿಯೇ ಬಸ್ಸು ಹತ್ತಿದ್ದ. ಊರಿನ ನಲ್ಲಿಗಳೆಲ್ಲ ಒಣಗಿದ್ದವು.

ಅವರು ಕೇಳಿದ್ದು ವಾರಕ್ಕೊಂದು ದಿನ ರಜೆ. ಹೆತ್ತ ತಾಯಿ ತೀರಿಕೊಂಡ ದಿನವೂ ಚಿಕ್ಕಹನುಮಯ್ಯ ಮೇಲಿನ ಕೇರಿಗೆ ನೀರು ಬಿಟ್ಟು ಬಂದೇ ಚಟ್ಟಕ್ಕೆ ಹೆಗಲು ಕೊಟ್ಟಿದ್ದ. ನೀರಿಗೂ ರಜೆ ಉಂಟೇನಯ್ಯಾ ಎಂದು ಪಂಚಾಯ್ತಿಯವರು ನಕ್ಕುಬಿಟ್ಟಿದ್ದರು.

ಬೆಳಿಗ್ಗೆ ಪಂಚಾಯ್ತಿ ಮೆಂಬರು ವೀರಭದ್ರಯ್ಯ ಬಂದು ಜಗಲಿಯ ಮೇಲೆ ಕೂತ. ಸಂಜೆಯೊಳಗೆ ಬೀಗದ ಕೈ ಕೊಡದಿದ್ದರೆ ಬೀಗ ಒಡೆಸಿ ಬೇರೆಯವನನ್ನು ನೇಮಿಸಿಕೊಳ್ಳುತ್ತೇವೆ, ಆಮೇಲೆ ನಿನ್ನ ಗಂಡ ಶಾಮಿಯಾನದಡಿಯೇ ಸಂಸಾರ ಹೂಡಬೇಕಾದೀತು ಎಂದ. ರಾಮಕ್ಕ ಲೆಕ್ಕ ಹಾಕಿದಳು. ಕೊಟ್ಟರೆ ಗಂಡ ಜೊತೆಗಾರರ ಮುಂದೆ ತಲೆ ಎತ್ತುವಂತಿಲ್ಲ. ಕೊಡದಿದ್ದರೆ ಕೆಲಸವೇ ಇಲ್ಲ. ಅವಳ ಬೆರಳುಗಳು ತಾವಾಗಿ ಸೆರಗಿನ ಗಂಟಿಗೆ ಹೋದವು.

ಅಷ್ಟರಲ್ಲಿ ಎದುರುಮನೆಯ ಚಿಕ್ಕಗಂಗಮ್ಮ ಬಂದಳು. ಅವಳ ಮನೆಯಲ್ಲಿ ಮಗಳು ಸುನಂದಾ ಹಸಿ ಬಾಣಂತಿ. ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು. ಇವಳೂ ಬಂದಳಲ್ಲಪ್ಪ ಎಂದು ರಾಮಕ್ಕ ತಲೆ ತಗ್ಗಿಸಿದಳು.

"ರಾಮೀ, ಒಲೆಗೆ ಒಂದು ಮಂಕರಿ ತೆಂಗಿನ ಒಣಮಟ್ಟೆ ಕೊಡೇ, ನಮ್ಮವೆಲ್ಲ ಹಸಿ, ಬರೀ ಹೊಗೆ," ಎಂದಳು ಚಿಕ್ಕಗಂಗಮ್ಮ.

"ಮಟ್ಟೆ ಇರ್ಲಿ, ನೀರಿಗೇನ್ ಮಾಡ್ತೀಯಮ್ಮ?" ಎಂದು ಕೇಳಿದವನು ವೀರಭದ್ರಯ್ಯ.

"ಹುಚ್ಚರಂಗಯ್ಯನ ತೆಂಗಿನ ತೋಟದ ಬೋರಿಂದ ಹೊತ್ಕೊಂಡು ಬತ್ತೀವಿ ಕಣಪ್ಪ. ಕರೆಂಟ್ ಬಂದಾಗ ಕೇರಿ ಹೆಂಗಸರೆಲ್ಲ ಹೋಯ್ತೀವಿ. ಸೊಂಟ ನೋಯ್ತದೆ, ಬುಡು. ಇವಳ ಗಂಡ ವಾರಕ್ಕೊಂದಿನ ಮನೇಲಿ ಮಲಗ್ಲಿ ಅಂತ ನಾವೇ ತಡ್ಕೊಂಡಿದೀವಿ. ಮನೆ ಬೋರಿನ ನೀರು ಕುಡಿಯೋ ನಿನಗೇನಪ್ಪ ಅವಸರ?"

ವೀರಭದ್ರಯ್ಯ ಟವೆಲು ಕೊಡವಿ ಎದ್ದ. ರಾಮಕ್ಕ ಒಂದು ಮಂಕರಿ ಕೇಳಿದವಳಿಗೆ ಎರಡು ತುಂಬಿಕೊಟ್ಟಳು.

ಆದರೂ ಸಂಜೆಯವರೆಗೂ ಪಂಪ್‌ಹೌಸಿನ ಕಡೆಯೇ ಅವಳ ಕಿವಿ. ಬೀಗ ಒಡೆಯಲು ಯಾರೂ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗಂಡನ ಫೋನು ಬಂತು. ಅಕ್ಕಪಕ್ಕದ ಊರಿನ ನೀರಗಂಟಿಗಳು ಸರದಿಯ ಮೇಲೆ ಒಬ್ಬರ ಕೆಲಸ ಇನ್ನೊಬ್ಬರು ನೋಡಿಕೊಂಡು ರಜೆ ತೆಗೆದುಕೊಳ್ಳಬಹುದೆಂದು ತಾಲ್ಲೂಕು ಪಂಚಾಯ್ತಿಯ ಸಾಹೇಬರು ಒಪ್ಪಿ ರುಜು ಹಾಕಿದ್ದಾರೆ, ಕೆಲಸಕ್ಕೂ ಏನೂ ತೊಂದರೆಯಿಲ್ಲ ಎಂದ ಚಿಕ್ಕಹನುಮಯ್ಯ. ರಾಮಕ್ಕ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಗೋಡೆಯ ಮೊಳೆಗೆ ನೇತುಹಾಕಿದಳು.

ಮೊದಲ ರಜೆ ಭಾನುವಾರ ಬಂತು. ಪಕ್ಕದೂರಿನ ದುರ್ಗಯ್ಯ ವಾಲ್ವು ತಿರುಗಿಸಲು ಬಂದವನು ಊರಿನ ವಾಡಿಕೆ ತಿಳಿಯದೆ ಕೆಳಗಿನ ಕೇರಿಗೇ ಮೊದಲು ನೀರು ಬಿಟ್ಟುಬಿಟ್ಟ. ಮೇಲಿನ ಕೇರಿಯ ಹೆಂಗಸರು ಬಿಂದಿಗೆ ಹಿಡಿದು ರಾಮಕ್ಕನ ಬಾಗಿಲಿಗೆ ಬಂದರು, ನಿನ್ನ ಗಂಡನನ್ನು ಎಬ್ಬಿಸೇ ಎಂದರು. ಒಳಗೆ ಅವನ ಗೊರಕೆ ಕೇಳಿಸುತ್ತಿತ್ತು. ರಾಮಕ್ಕ ಬಾಗಿಲನ್ನು ಅರ್ಧ ಎಳೆದುಕೊಂಡು ಅಡ್ಡ ನಿಂತಳು.

"ಇವತ್ತು ಅವರಿಗೆ ರಜ ಕಣ್ರೀ. ದುರ್ಗಯ್ಯನ್ನ ಕೇಳೋಗಿ."

ಹೆಂಗಸರು ನಗುತ್ತಾ ಪಂಪ್‌ಹೌಸಿನ ದಾರಿ ಹಿಡಿದರು. ರಾಮಕ್ಕನೂ ತನ್ನ ಬಿಂದಿಗೆ ಎತ್ತಿಕೊಂಡು ಅವರ ಹಿಂದೆಯೇ ನಡೆದಳು.